ಗೇಣುದ್ದದ ಜಿನಬಿಂಬ

ಟೆಲಿವಿಷನ್ ತೆರೆಯ ಮೇಲೆ ಶಿಲ್ಪವನ್ನು ತೋರಿಸುವಾಗ ಒಂದು ತೊಡಕಿದೆ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನೂ ಅಂಗೈ ಮೇಲೆ ನಿಲ್ಲುವಂತಹ ಕಂಚಿನ ಬಾಹುಬಲಿಯೂ ಅಲ್ಲಿ ಒಂದೇ ಎತ್ತರವಾಗಿ ಕಾಣುತ್ತಾರೆ. ನೋಡುವವರಿಗೆ ಗಾತ್ರವೇ ತಿಳಿಯುವುದಿಲ್ಲ. ಜೈನ ಶಿಲ್ಪದ ವಿಷಯದಲ್ಲಿ ಗಾತ್ರ ತಿಳಿಯದಿದ್ದರೆ ಅರ್ಧ ಸಂಗತಿ ಕೈತಪ್ಪಿದಂತೆ. ವಿಗ್ರಹವನ್ನು ಎಲ್ಲಿಡಲು ಮಾಡಿಸಿದರು, ಅದನ್ನು ಕೈಯಲ್ಲಿ ಎತ್ತಿಕೊಳ್ಳುತ್ತಿದ್ದರೋ ಇಲ್ಲವೆ ಅದರ ಮುಂದೆ ತಲೆಯೆತ್ತಿ ನಿಲ್ಲುತ್ತಿದ್ದರೋ ಎಂಬುದನ್ನು ಮೊದಲು ಹೇಳುವುದು ಗಾತ್ರವೇ. ಆದ್ದರಿಂದ ವಿದ್ಯಾರ್ಥಿಗಳು ಈ ಲೇಖನವನ್ನು ಓದುವಾಗ ಪಕ್ಕದಲ್ಲಿ ಒಂದು ಅಡಿಪಟ್ಟಿಯನ್ನೂ ಒಂದು ಮೊಳ ನೂಲನ್ನೂ ಇಟ್ಟುಕೊಳ್ಳಬೇಕೆಂದು ಕೋರಿಕೆ. ನೂಲಿನ ಕೆಲಸ ಕೊನೆಯಲ್ಲಿ ಬರುತ್ತದೆ.

ಪಟ್ಟಣಗಳ ಅನೇಕ ಮನೆಗಳ ಹಜಾರದಲ್ಲಿ, ದೊಡ್ಡ ಹೋಟೆಲುಗಳ ಪಡಸಾಲೆಯಲ್ಲಿ, ಕಣ್ಣು ಅರೆಮುಚ್ಚಿದ ಜಿನನ ತಲೆಯೋ ನಿಂತ ತೀರ್ಥಂಕರನ ಪ್ರತಿಮೆಯೋ ಅಲಂಕಾರದ ವಸ್ತುವಾಗಿ ಇರುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಕೆಲವು ಹೊಸವು, ಕೆಲವು ಹಳೆಯವು, ಇನ್ನು ಕೆಲವು ಹಳೆಯವೆಂದು ಹೇಳಿ ಮಾರಿದ ಹೊಸವು. ಇದನ್ನು ಕಂಡಾಗ ಒಂದು ಪ್ರಶ್ನೆ ಏಳುತ್ತದೆ. ಪ್ರಾಚೀನ ಜೈನ ಶಿಲ್ಪ ಮನೆಯಲ್ಲಿಡುವ ಕಲೆಯೇ? ಹೌದು ಎನ್ನುವವರಿಗೂ ಅಲ್ಲ ಎನ್ನುವವರಿಗೂ ನಮ್ಮ ನಾಡಿನ ಇತಿಹಾಸದಲ್ಲಿ ಆಧಾರ ಸಿಗುತ್ತದೆ. ಯಾವುದಕ್ಕೆ ಹೌದು, ಯಾವುದಕ್ಕೆ ಅಲ್ಲ ಎಂಬುದನ್ನು ಬಿಡಿಸಿ ನೋಡುವುದೇ ಇಲ್ಲಿನ ಉದ್ದೇಶ.

ಬಸದಿಯ ವಿಗ್ರಹ

ಹಾಸನ ಜಿಲ್ಲೆಯ ವಿದ್ಯಾರ್ಥಿಗಳು ಇದಕ್ಕಾಗಿ ದೂರ ಹೋಗಬೇಕಿಲ್ಲ. ಬಿಕ್ಕೋಡಿನ ಹುಡುಗನೋ ಹುಡುಗಿಯೋ ಕಾಫಿ ತೋಟಗಳ ನಡುವಿನ ದಾರಿಯಲ್ಲಿ ಬೇಲೂರಿಗೆ ಬಂದು, ಅಲ್ಲಿಂದ ಹಳೇಬೀಡಿನ ಬಸ್ಸು ಹತ್ತಿದರೆ ಸಾಕು. ಹಳೇಬೀಡು ಹೊಯ್ಸಳರ ರಾಜಧಾನಿ ದೋರಸಮುದ್ರ. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಮತ್ತು ಸೋಮನಾಥಪುರದ ಕೇಶವ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಳೇಬೀಡಿಗೆ ಬರುವ ಬಹುಮಂದಿ ಪ್ರವಾಸಿಗಳು ಹೊಯ್ಸಳೇಶ್ವರನನ್ನು ನೋಡಿ ಹಿಂತಿರುಗುತ್ತಾರೆ. ಅದರ ಸಮೀಪದಲ್ಲೇ, ಬಸ್ತಿಹಳ್ಳಿಯಲ್ಲಿ, ಪಾರ್ಶ್ವನಾಥ, ಆದಿನಾಥ ಮತ್ತು ಶಾಂತಿನಾಥ ಎಂಬ ಮೂರು ಬಸದಿಗಳು ಒಂದೇ ಆವರಣದಲ್ಲಿವೆ. ಒಂದು ಕಾಲದಲ್ಲಿ ಇಲ್ಲಿ 720 ಬಸದಿಗಳಿದ್ದವೆಂಬುದು ಜನರ ಹೇಳಿಕೆ. ಲೆಕ್ಕ ಹೇಗೇ ಇರಲಿ, ಉಳಿದಿರುವುದು ಇಷ್ಟು.

ಹೊಯ್ಸಳರಿಗೂ ಜೈನಧರ್ಮಕ್ಕೂ ಇದ್ದ ನಂಟು ಹಳೆಯದು. ಬೇಲೂರಿಗೆ ಪಶ್ಚಿಮದಲ್ಲಿ, ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರೇ ಹಿಂದಿನ ಸೊಸೆವೂರು. ಸುದತ್ತನೆಂಬ ಜೈನಮುನಿ ‘ಹೊಯ್ ಸಳ’ ಎಂದು ಕೂಗಿದ, ಸಳ ಹುಲಿಯನ್ನು ಹೊಡೆದ ಎಂಬ ಕಥೆ ಆ ಊರಿನದು. ಅಲ್ಲಿಯೂ ಹಳೆಯ ಬಸದಿಗಳಿವೆ. ವಿಷ್ಣುವರ್ಧನನ ರಾಣಿ ಶಾಂತಲೆ ಜೈನಳು. ಅವನ ಮಹಾದಂಡನಾಯಕ ಗಂಗರಾಜನೂ ಜೈನನೇ. ಗೊಮ್ಮಟನ ಸುತ್ತಲಿನ ಸುತ್ತಾಲಯವನ್ನು ಕಟ್ಟಿಸಿದವನು ಇವನು.

ಗಂಗರಾಜ ತೀರಿಕೊಂಡ ಮೇಲೆ ಅವನ ಮಗ ಬೊಪ್ಪದೇವ ತಂದೆಯ ನೆನಪಿಗಾಗಿ 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ತಂದೆಗೆ ಇದ್ದ ಬಿರುದಿನಿಂದ ಅದಕ್ಕೆ ದ್ರೋಹಘರಟ್ಟ ಜಿನಾಲಯ ಎಂಬ ಹೆಸರಾಯಿತು. ಪ್ರತಿಷ್ಠೆಯ ನಂತರ ನಡೆದ ಒಂದು ಘಟನೆಯನ್ನು ಶಾಸನ ವಿವರಿಸುತ್ತದೆ. ಬಸದಿಯ ಅರ್ಚಕರು ದೇವರ ಶೇಷೆಯನ್ನು, ಎಂದರೆ ಪ್ರಸಾದವನ್ನು, ತೆಗೆದುಕೊಂಡು ಆಗ ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಅರಸ ಆಗತಾನೆ ಯುದ್ಧದಲ್ಲಿ ಗೆದ್ದಿದ್ದ. ಅದೇ ಹೊತ್ತಿಗೆ ಅವನಿಗೆ ಮಗ ಹುಟ್ಟಿದ ಸುದ್ದಿಯೂ ಬಂದಿತ್ತು. ಸಂತೋಷಗೊಂಡ ಅರಸ ಆ ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ.

ಈ ಪ್ರಸಂಗದಲ್ಲಿ ನಮಗೆ ಬೇಕಾದ ಒಂದು ಸೂಕ್ಷ್ಮವಿದೆ. ದೋರಸಮುದ್ರದಿಂದ ಬಂಕಾಪುರದವರೆಗೆ ಹೋದದ್ದು ಶೇಷೆ. ವಿಗ್ರಹ ತನ್ನ ಜಾಗದಲ್ಲೇ ಉಳಿಯಿತು. ಅರಸನೇ ಆದರೂ ಬಸದಿಯ ಮೂಲವಿಗ್ರಹ ಅವನ ಬೀಡಿಗೆ ಹೋಗುವ ವಸ್ತುವಾಗಿರಲಿಲ್ಲ. ಸುಮಾರು 14 ಅಡಿ ಎತ್ತರದ, ಏಳು ಹೆಡೆಯ ಸರ್ಪದ ನೆರಳಿನಲ್ಲಿ ನಿಂತ ಆ ಕರಿಯ ಕಲ್ಲಿನ ಪಾರ್ಶ್ವನಾಥ ಇಂದಿಗೂ ಅಲ್ಲೇ ನಿಂತಿದ್ದಾನೆ.

ಬಸದಿಯೊಳಗೆ ಹೋದವರು ವಿಗ್ರಹಕ್ಕಿಂತ ಮೊದಲು ಕಂಬಗಳನ್ನು ನೋಡುತ್ತಾರೆ. ನೋಡಲೇಬೇಕು. ಚರಕಿಗೆ ಕೊಟ್ಟು ಕಡೆದಂತಹ, ಕನ್ನಡಿಯಂತೆ ನುಣುಪಾದ ಕಂಬಗಳವು. ಎದುರು ನಿಂತವರ ಬಿಂಬ ಅವುಗಳಲ್ಲಿ ಮೂಡುತ್ತದೆ. ಇದು ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದ ಹೊಸತರಲ್ಲಿ ಮೆದುವಾಗಿದ್ದು, ಗಾಳಿ ತಾಗುತ್ತಾ ಹೋದಂತೆ ಗಟ್ಟಿಯಾಗುವ ಕಲ್ಲು ಅದು. ಹೊಯ್ಸಳ ಶಿಲ್ಪಿಗಳು ಆಭರಣದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಿದ್ದು ಇದೇ ಕಲ್ಲಿನ ಬಲದಿಂದ.

ಹಾಗಿದ್ದರೂ ಬಸದಿಗಳ ಹೊರಗೋಡೆ ಬಹುತೇಕ ಬರಿದು. ಹೊಯ್ಸಳೇಶ್ವರದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳ ಸಾಲು, ಅದರ ಮೇಲೆ ಕಥೆಗಳ ಸಾಲು. ಇಲ್ಲಿ ಅದಾವುದೂ ಇಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ಮದನಿಕೆಯರಿಗೆ ಬಳೆ, ಕಡಗ, ಕಾಲಂದುಗೆಗಳನ್ನು ತೊಡಿಸಿ ಕೆಳಗೆ ತಮ್ಮ ಹೆಸರನ್ನು ಕೆತ್ತಿಕೊಂಡಿದ್ದಾರೆ. ತೀರ್ಥಂಕರನನ್ನು ಕೆತ್ತುವ ಶಿಲ್ಪಿಗೆ ಇಂತಹ ಯಾವ ಅವಕಾಶವೂ ಇಲ್ಲ. ಆಯುಧ ಇಲ್ಲ, ಒಡವೆ ಇಲ್ಲ, ದಿಗಂಬರ ಪಂಥದಲ್ಲಿ ಬಟ್ಟೆಯೂ ಇಲ್ಲ. ನೋಡುವವರ ಕಡೆಗೆ ತಿರುಗಿದ ನೋಟವೂ ಇಲ್ಲ. ಹೆಗಲಿನಿಂದ ಬೆರಳ ತುದಿಯವರೆಗೆ ಇಳಿಯುವ ಗೆರೆ, ಉಸಿರು ನಿಂತಂತಿರುವ ಎದೆ, ತುಟಿಯ ಒಂದು ಬಾಗು. ಅವನ ಕೈಲಿರುವುದು ಇಷ್ಟೇ. ನನ್ನ ಅಭಿಪ್ರಾಯದಲ್ಲಿ ಮದನಿಕೆಯನ್ನು ಕೆತ್ತುವುದಕ್ಕಿಂತ ಇದು ಕಷ್ಟದ ಕೆಲಸ. ಅಲ್ಲಿ ಕೈ ಸ್ವಲ್ಪ ತಪ್ಪಿದರೆ ಒಂದು ಸರ ಅದನ್ನು ಮುಚ್ಚೀತು. ಇಲ್ಲಿ ಮುಚ್ಚಲು ಏನೂ ಇಲ್ಲ.

ಗುರುತಿಸುವ ಬಗೆ

ಜಿನರು ಇಪ್ಪತ್ತನಾಲ್ಕು ಮಂದಿ. ಎಲ್ಲರ ಮುಖವೂ ಮೈಯೂ ಒಂದೇ ತೆರ. ನಿಂತಿದ್ದರೆ ಕಾಯೋತ್ಸರ್ಗ, ತೋಳುಗಳು ಮೈಗೆ ತಾಗದಂತೆ ನೇರ ಇಳಿದಿರುತ್ತವೆ. ಕುಳಿತಿದ್ದರೆ ಪರ್ಯಂಕಾಸನ. ನಮ್ಮ ಕಡೆಯ ವಿಗ್ರಹಗಳಲ್ಲಿ ಒಂದು ಪಾದವನ್ನು ಮಾತ್ರ ಮೇಲಿಟ್ಟ ಅರ್ಧಪರ್ಯಂಕಾಸನ ಹೆಚ್ಚು. ತಲೆಯ ಮೇಲೆ ಮುಕ್ಕೊಡೆ, ಎರಡು ಕಡೆ ಚಾಮರ ಹಿಡಿದವರು, ಹಿಂದೆ ಪ್ರಭಾವಳಿ. ಯಾರು ಯಾರೆಂದು ತಿಳಿಯಲು ಪೀಠದ ಮೇಲಿನ ಲಾಂಛನ ನೋಡಬೇಕು. ಎತ್ತು ಇದ್ದರೆ ಆದಿನಾಥ, ಜಿಂಕೆಯಾದರೆ ಶಾಂತಿನಾಥ, ಶಂಖವಾದರೆ ನೇಮಿನಾಥ, ಸಿಂಹವಾದರೆ ಮಹಾವೀರ. ಪಾರ್ಶ್ವನಾಥನಿಗೆ ಮಾತ್ರ ಲಾಂಛನ ಹುಡುಕುವ ಶ್ರಮವಿಲ್ಲ, ತಲೆಯ ಮೇಲೆಯೇ ಸರ್ಪವಿದೆ. ಅನೇಕ ಹಳೆಯ ವಿಗ್ರಹಗಳಲ್ಲಿ ಲಾಂಛನವೇ ಇರುವುದಿಲ್ಲ. ಆಗ ಇಕ್ಕೆಲದ ಯಕ್ಷ, ಯಕ್ಷಿಯರು ನೆರವಿಗೆ ಬರುತ್ತಾರೆ. ಧರಣೇಂದ್ರ ಮತ್ತು ಪದ್ಮಾವತಿ ಪಾರ್ಶ್ವನಾಥನವರು, ಕೂಷ್ಮಾಂಡಿನಿ ನೇಮಿನಾಥನವಳು, ಜ್ವಾಲಾಮಾಲಿನಿ ಚಂದ್ರಪ್ರಭನವಳು.

ಜಿನ ವರ ಕೊಡುವವನಲ್ಲ. ಅವನು ಗೆದ್ದು ಹೋದವನು. ಅವನ ಬಿಂಬ ಆ ಗೆಲುವಿನ ನೆನಪು. ಮಳೆ, ಬೆಳೆ, ಮಕ್ಕಳ ಆರೋಗ್ಯ ಎಂಬ ಸಂಸಾರದ ಕೋರಿಕೆಗಳನ್ನು ಕೇಳುವವರು ಯಕ್ಷಿಯರು. ಹೊಂಬುಜದ ಪದ್ಮಾವತಿಗೂ ನರಸಿಂಹರಾಜಪುರದ ಜ್ವಾಲಾಮಾಲಿನಿಗೂ ಇಂದಿಗೂ ಅಷ್ಟು ಭಕ್ತರಿರುವುದು ಇದರಿಂದಲೇ. ಮನೆಯ ದೇವರ ಕೋಣೆಯಲ್ಲಿ ಜಿನನ ಜೊತೆಗೆ ಯಕ್ಷಿಯೂ ಇರುವುದಕ್ಕೆ ಕಾರಣವೂ ಇದೇ.

ಮನೆಗೆಂದೇ ಮಾಡಿದವು

ಈಗ ಚಿಕ್ಕ ವಿಗ್ರಹಗಳ ಕಡೆಗೆ ಬರೋಣ. ಜೈನ ಗೃಹಸ್ಥರು ಮನೆಯಲ್ಲೇ ಒಂದು ಸಣ್ಣ ಚೈತ್ಯಾಲಯವನ್ನು ಇಟ್ಟುಕೊಳ್ಳುವ ವಾಡಿಕೆ ಬಹಳ ಹಳೆಯದು. ಅದರೊಳಗಿನ ಬಿಂಬ ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ನಿಯಮವಿದೆ. 1315ರಲ್ಲಿ ಠಕ್ಕುರ ಫೇರು ಎಂಬುವನು ಪ್ರಾಕೃತದಲ್ಲಿ ಬರೆದ ‘ವಾಸ್ತುಸಾರ’ದ ಪ್ರಕಾರ ಒಂದು ಅಂಗುಲದಿಂದ ಹನ್ನೊಂದು ಅಂಗುಲದವರೆಗಿನ ಪ್ರತಿಮೆ ಮನೆಯಲ್ಲಿ ಪೂಜೆಗೆ ತಕ್ಕದ್ದು, ಅದಕ್ಕಿಂತ ದೊಡ್ಡದು ದೇವಾಲಯಕ್ಕೆ ಸೇರಬೇಕು. ಇಲ್ಲಿ ಅಂಗುಲವೆಂದರೆ ನಿಮ್ಮ ಅಡಿಪಟ್ಟಿಯ ಇಂಚಲ್ಲ, ಒಂದು ಬೆರಳಿನ ಅಗಲ. ಹನ್ನೆರಡು ಬೆರಳಗಲಕ್ಕೆ ಒಂದು ಗೇಣು. ಎಂದರೆ ಮನೆಯ ಜಿನ ಒಂದು ಗೇಣನ್ನು ಮುಟ್ಟಬಾರದು.

ಈ ಫೇರುವಿನ ಬಗ್ಗೆ ಒಂದು ಮಾತನ್ನು ಸೇರಿಸಬೇಕು. ಅವನು ಅಲಾಉದ್ದೀನ್ ಖಿಲ್ಜಿಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದವನು, ನಾಣ್ಯಗಳನ್ನು ಕುರಿತೂ ಒಂದು ಗ್ರಂಥ ಬರೆದವನು. ಖಿಲ್ಜಿಯ ದಂಡನಾಯಕ ಮಲಿಕ್ ಕಾಫರ್ ದೋರಸಮುದ್ರದ ಮೇಲೆ ದಂಡೆತ್ತಿ ಬಂದದ್ದು 1311ರಲ್ಲಿ. ಅದಾದ ನಾಲ್ಕೇ ವರ್ಷಕ್ಕೆ ಅದೇ ಸುಲ್ತಾನನ ನೌಕರನೊಬ್ಬ ದೆಹಲಿಯ ಕಡೆ ಕುಳಿತು ಜಿನಬಿಂಬವನ್ನು ಎಷ್ಟು ಬೆರಳಗಲ ಮಾಡಬೇಕೆಂದು ಬರೆಯುತ್ತಿದ್ದ. ಚರಿತ್ರೆಯ ಪಠ್ಯದಲ್ಲಿ ಈ ಎರಡು ಸಂಗತಿಗಳು ಒಂದೇ ಪುಟದಲ್ಲಿ ಬರುವುದಿಲ್ಲ.

ಕರ್ನಾಟಕದಲ್ಲಿ ಮನೆಮನೆಗೆ ಜಿನಬಿಂಬ ಹಂಚಿದವರಲ್ಲಿ ಮೊದಲು ನೆನಪಾಗುವವಳು ದಾನಚಿಂತಾಮಣಿ ಅತ್ತಿಮಬ್ಬೆ. ಗಂಡ ನಾಗದೇವ ತೀರಿಕೊಂಡ ಮೇಲೆ ಅವಳು ವ್ರತನಿಷ್ಠಳಾಗಿ ಬಾಳಿದಳು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ರತ್ನ ಕೂಡಿಸಿದ ಬಂಗಾರದ ಒಂದು ಸಾವಿರದ ಐನೂರು ಜಿನಪ್ರತಿಮೆಗಳನ್ನು ಮಾಡಿಸಿ ದಾನ ಕೊಟ್ಟಳು ಎಂಬುದು ಪರಂಪರೆಯಿಂದ ಬಂದ ಮಾತು. ಅವಳ ಕೀರ್ತಿಯನ್ನು ಹೇಳುವ ಲಕ್ಕುಂಡಿಯ ಶಾಸನ 1007ರದು. ಪುಸ್ತಕದ ಜೊತೆಗೆ ಪ್ರತಿಮೆ ಎಂಬುದನ್ನು ಗಮನಿಸಬೇಕು. ಎರಡೂ ಕೈಯಿಂದ ಕೈಗೆ ದಾಟುವಂಥವು, ಎರಡೂ ಮನೆಯೊಳಗೆ ಬಾಳುವಂಥವು. ತಾಳೆಗರಿಯ ಪ್ರತಿಯಿಂದ ಪ್ರತಿ ಮಾಡಿಕೊಂಡರು, ಕಾವ್ಯ ಉಳಿಯಿತು. ಬಂಗಾರದ ಸ್ಥಿತಿ ಬೇರೆ. ಕಷ್ಟಕಾಲದಲ್ಲಿ ಅದು ಕರಗುತ್ತದೆ.

ಕಂಚು, ಹಿತ್ತಾಳೆಗಳು ಹೆಚ್ಚು ಉಳಿದಿವೆ. ಅವನ್ನು ಎರಕ ಹೊಯ್ಯುವ ಬಗೆ ಹೀಗೆ. ಮೊದಲು ಜೇನುಮೇಣದಲ್ಲಿ ಬಿಂಬವನ್ನು ಪೂರ್ತಿಯಾಗಿ ತಿದ್ದುತ್ತಾರೆ. ಅದರ ಮೇಲೆ ನಯವಾದ ಮಣ್ಣನ್ನು ತೆಳುವಾಗಿ ಸವರಿ, ಒಣಗಿಸಿ, ಮತ್ತೆ ದಪ್ಪ ಮಣ್ಣನ್ನು ಮೆತ್ತುತ್ತಾರೆ. ಕಾಯಿಸಿದಾಗ ಮೇಣ ಕರಗಿ ಬಿಟ್ಟ ರಂಧ್ರದಿಂದ ಹೊರಗೆ ಹರಿಯುತ್ತದೆ, ಒಳಗೆ ಬಿಂಬದ ಆಕಾರದ ಟೊಳ್ಳು ಉಳಿಯುತ್ತದೆ. ಕರಗಿದ ಲೋಹವನ್ನು ಅಲ್ಲಿಗೆ ಹೊಯ್ದು, ಆರಿದ ಮೇಲೆ ಮಣ್ಣನ್ನು ಒಡೆಯುತ್ತಾರೆ. ಮೇಣವೂ ಹೋಯಿತು, ಅಚ್ಚೂ ಹೋಯಿತು. ಆದ್ದರಿಂದ ಇಂತಹ ಎರಡು ಬಿಂಬಗಳು ತದ್ರೂಪ ಇರುವುದಿಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಈ ವಿಧಾನದ ವರ್ಣನೆಯಿದೆ. ಮೇಣವನ್ನು ಮೊದಲೇ ತೂಗಿಟ್ಟುಕೊಂಡು, ಆ ತೂಕದ ಇಷ್ಟು ಪಟ್ಟು ಎಂದು ಲೋಹವನ್ನು ಲೆಕ್ಕ ಹಾಕುವ ಕ್ರಮವನ್ನೂ ಅವನು ಹೇಳಿದ್ದಾನೆ. ಬೊಪ್ಪದೇವ ಹಳೇಬೀಡಿನಲ್ಲಿ ಕಲ್ಲಿನ ಪಾರ್ಶ್ವನನ್ನು ನಿಲ್ಲಿಸಿದ ಕಾಲದಲ್ಲೇ ಕಲ್ಯಾಣದಲ್ಲಿ ಈ ಸೋಮೇಶ್ವರ ಆಳುತ್ತಿದ್ದ.

ಚಿಕ್ಕದು ದೊಡ್ಡದರ ನಕಲು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಗೊಮ್ಮಟನ ಪುಟ್ಟ ಪ್ರತಿಮೆಗಳನ್ನು ಅಂಗಡಿಗಳಲ್ಲಿ ಕಂಡು ಕಂಡು ಆಗಿರುವ ಅಭ್ಯಾಸವಿದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಕರ್ನಾಟಕದ್ದೆಂದು ಗುರುತಿಸಿರುವ ಒಂದು ತಾಮ್ರಮಿಶ್ರ ಲೋಹದ ಬಾಹುಬಲಿ ಇದೆ. ಎತ್ತರ ಸುಮಾರು 11 ಸೆಂಟಿಮೀಟರ್. ಅಡಿಪಟ್ಟಿಯಲ್ಲಿ ಗುರುತು ಮಾಡಿ ನೋಡಿ, ಆರು ಬೆರಳಗಲದ ಹತ್ತಿರ ಬರುತ್ತದೆ. ಅದರ ಕಾಲ 6ನೆಯ ಶತಮಾನದ ಕೊನೆ ಅಥವಾ 7ನೆಯ ಶತಮಾನ. ಚಾವುಂಡರಾಯ ಗೊಮ್ಮಟನನ್ನು ಮಾಡಿಸಿದ್ದು 981ರ ಸುಮಾರಿಗೆ. ಎಂದರೆ ಅಂಗೈಯ ಬಾಹುಬಲಿ ಬೆಟ್ಟದ ಬಾಹುಬಲಿಗಿಂತ ಮುನ್ನೂರು ವರ್ಷದಷ್ಟು ಹಿರಿಯ. ಅದನ್ನು ಆ ಸಂಗ್ರಹಾಲಯಕ್ಕೆ 1987ರಲ್ಲಿ ಕೊಟ್ಟವರು ಸ್ಯಾಮ್ಯುಯೆಲ್ ಐಲೆನ್‌ಬರ್ಗ್. ಇಪ್ಪತ್ತನೆಯ ಶತಮಾನದ ಹೆಸರಾಂತ ಗಣಿತಜ್ಞರಾಗಿದ್ದ ಅವರು ಪುಟ್ಟ ಲೋಹಶಿಲ್ಪಗಳ ದೊಡ್ಡ ಸಂಗ್ರಾಹಕರೂ ಆಗಿದ್ದರು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ಶ್ರವಣಬೆಳಗೊಳದಿಂದ ಬಂದ, ಸುಮಾರು ಅರ್ಧ ಮೀಟರ್ ಎತ್ತರದ ಕಂಚಿನ ಬಾಹುಬಲಿ ಇದೆ. ಅದೂ ಗೊಮ್ಮಟನಿಗಿಂತ ಹಳೆಯದು. ಅದರ ಬಳ್ಳಿಗಳು ತೊಡೆ, ತೋಳುಗಳನ್ನು ಸುತ್ತಿರುವ ಚೆಲುವನ್ನು ನೋಡಿದವರು ಬೇಗ ಮರೆಯಲಾರರು.

ಮನೆಯ ಬಿಂಬದಲ್ಲಿ ಇನ್ನೂ ಒಂದು ಬಗೆ ಚತುರ್ವಿಂಶತಿ. ನಡುವೆ ಒಬ್ಬ ತೀರ್ಥಂಕರ, ಪ್ರಭಾವಳಿಯ ಸುತ್ತ ಉಳಿದ ಇಪ್ಪತ್ತಮೂರು ಮಂದಿ, ಒಬ್ಬೊಬ್ಬರೂ ಕಡಲೆಕಾಳಿನಷ್ಟು. ಒಂದೇ ಬಿಂಬಕ್ಕೆ ಅಭಿಷೇಕ ಮಾಡಿದರೆ ಇಪ್ಪತ್ತನಾಲ್ವರಿಗೂ ಸಂದಿತು. ಬಡವರ ಮನೆಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೆ ಯಾವುದಿದ್ದೀತು! ಹೆಂಗಸರು ಅನಂತನೋಂಪಿಯಂತಹ ನೋಂಪಿಗಳನ್ನು ಹಿಡಿದು, ವರ್ಷಗಳು ಕಳೆದು ವ್ರತ ಮುಗಿದಾಗ, ಬಿಂಬವನ್ನೋ ಪುಸ್ತಕವನ್ನೋ ದಾನ ಮಾಡುತ್ತಿದ್ದರು. ಶ್ರವಣಬೆಳಗೊಳದ ಜೈನಮಠದಲ್ಲಿರುವ ಹಲವು ಲೋಹಬಿಂಬಗಳ ಮೇಲೆ ಅವನ್ನು ಮಾಡಿಸಿಕೊಟ್ಟವರ ವಿವರ ಗ್ರಂಥಲಿಪಿಯಲ್ಲಿದೆ. ಅವು 19ನೆಯ ಶತಮಾನದವು, ಕೊಟ್ಟವರು ತಮಿಳುನಾಡಿನ ಜೈನರು. ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟದಲ್ಲಿ ಅರಸರ ಬಂಡೆಶಾಸನಗಳ ಜೊತೆಗೇ ಈ ಪೀಠಬರಹಗಳೂ ಅಚ್ಚಾಗಿವೆ.

ಆದ್ದರಿಂದ ಮನೆಯ ಬಿಂಬವನ್ನು ನೋಡುವಾಗ ಮುಂಭಾಗ ಒಂದನ್ನೇ ನೋಡಿ ಬಿಡಬಾರದು. ಪೀಠದ ಹಿಂಭಾಗದಲ್ಲಿ ಒಂದು ಸಾಲು ಅಕ್ಷರ ಇರಬಹುದು. ನಿಮ್ಮ ಊರಿನಲ್ಲಿ ಯಾರದಾದರೂ ಮನೆಯಲ್ಲಿ ಅಂತಹ ಹಳೆಯ ಬಿಂಬ ಇದ್ದರೆ, ಅವರು ಒಪ್ಪಿದರೆ, ಮುಟ್ಟದೆಯೇ ನೋಡಿ ಬರೆದುಕೊಳ್ಳಿ. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ತರುವ ಆಸೆ ಬೇಡ. ಹಳೆಯ ಲೋಹದ ಮೇಲೆ ಕಟ್ಟಿದ ಪದರ ಅದಕ್ಕೆ ರಕ್ಷೆ. ತಿಕ್ಕಿದರೆ ಅದರ ಜೊತೆಗೆ ಅಕ್ಷರವೂ ಹೋಗುತ್ತದೆ. ನಿತ್ಯದ ಅಭಿಷೇಕದಿಂದ, ಒರೆಸಿ ಒರೆಸಿ, ಕಣ್ಣು ಮೂಗು ಮಾಸಿಹೋದ ಬಿಂಬಗಳನ್ನು ಪುರಾತನ ವಸ್ತುಗಳ ವ್ಯಾಪಾರಿ ಕಡಮೆ ಬೆಲೆಗೆ ಕೇಳುತ್ತಾನೆ. ಮನೆಯವರಿಗೆ ಆ ಸವೆತವೇ ಅಜ್ಜಿ, ಮುತ್ತಜ್ಜಿಯರ ಕೈಗುರುತು.

ತಲೆ ಮಾತ್ರ ಏಕೆ?

ಮೊದಲು ಹೇಳಿದ ಹಜಾರದ ಶಿಲ್ಪಗಳಿಗೆ ಮರಳೋಣ. ಅಲ್ಲಿ ಬರಿಯ ತಲೆಗಳೇ ಏಕೆ ಹೆಚ್ಚು? ಉತ್ತರ ಸರಳ. 14 ಅಡಿಯ ವಿಗ್ರಹವನ್ನು ಕದ್ದೊಯ್ಯಲು ಆಗದು, ತಲೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಬರಿಯ ತಲೆಯಾಗಿ ಯಾವ ಶಿಲ್ಪಿಯೂ ಜಿನನನ್ನು ಕೆತ್ತಿರಲಿಲ್ಲ. ನಿಜವಾಗಿಯೂ ಪ್ರಾಚೀನವಾದ ಒಂದು ತಲೆ ಒಬ್ಬರ ಹಜಾರದಲ್ಲಿದ್ದರೆ, ಅದರ ಮುಂಡ ಎಲ್ಲೋ ಒಂದು ಕಡೆ ಇದೆ, ಅಥವಾ ಇತ್ತು. ಒಡೆದ ವಿಗ್ರಹಕ್ಕೆ ಪೂಜೆಯಿಲ್ಲ ಎಂಬ ನಂಬಿಕೆಯೂ ಇಲ್ಲಿ ಕಳ್ಳರಿಗೆ ಅನುಕೂಲವಾಗಿ ಒದಗಿತು. ಮುಕ್ಕಾದದ್ದನ್ನು ಹೊರಗೆ ಇಟ್ಟರು, ಕೆರೆಗೆ ಬಿಟ್ಟರು, ಯಾರೂ ಕಾಯಲಿಲ್ಲ. ಊರವರು ಮೆಟ್ಟಿಲಿಗೆ, ಬಟ್ಟೆ ಒಗೆಯಲು ಕೆತ್ತನೆಯ ಕಲ್ಲುಗಳನ್ನು ಬಳಸಿಕೊಂಡದ್ದೂ ಉಂಟು. ಆದರೂ ಆ ಕಲ್ಲು ಊರಲ್ಲೇ ಉಳಿದಿದೆ, ಒಂದು ದಿನ ತಿರುಗಿಸಿ ಓದಬಹುದು. ಊರು ಬಿಟ್ಟು ಹೋದ ತಲೆ ಯಾವ ಬಸದಿಯದು, ಯಾವ ಶತಮಾನದ್ದು ಎಂಬುದನ್ನು ಹೇಳಲು ಮತ್ತೆ ಯಾರಿಂದಲೂ ಆಗುವುದಿಲ್ಲ. ಪಾರ್ಶ್ವನಾಥ ಬಸದಿಯ ಶಾಸನವೂ ವಿಗ್ರಹವೂ ಒಂದೇ ಕಡೆ ಉಳಿದದ್ದರಿಂದಲೇ ಬೊಪ್ಪದೇವನ ಕಥೆ ನಮಗೆ ಸಿಕ್ಕಿತು.

ಚಿಕ್ಕ ಬಿಂಬಗಳಿಗಂತೂ ಅವುಗಳ ಗಾತ್ರವೇ ಶತ್ರು. ಮೂಡಬಿದಿರೆಯ ಸಿದ್ಧಾಂತ ಬಸದಿಯಿಂದ 2013ರಲ್ಲಿ ಅಮೂಲ್ಯ ಜಿನಬಿಂಬಗಳು ಕಳವಾದವು. ಶತಮಾನಗಳಿಂದ ಜನ ದರ್ಶನ ಮಾಡುತ್ತಿದ್ದ ಬಿಂಬಗಳವು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ 1976ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪ ಪುರಾತನ ವಸ್ತು ಎನಿಸುತ್ತದೆ. ಕಲ್ಲಿನ ಅಥವಾ ಲೋಹದ ಅಂತಹ ಶಿಲ್ಪ ಮನೆಯಲ್ಲಿದ್ದರೆ ಅದನ್ನು ನೋಂದಣಿ ಮಾಡಿಸಬೇಕು. ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಪೂಜೆಗೂ ಅಡ್ಡಿಯಿಲ್ಲ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿ ವ್ಯಕ್ತಿ ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ನೆಲದೊಳಗೆ ಸಿಕ್ಕ ವಸ್ತುಗಳಿಗೆ ಪ್ರತ್ಯೇಕವಾಗಿ ನಿಧಿ ಕಾಯ್ದೆ ಇದೆ. ಬೇಲೂರು ಸೀಮೆಯಲ್ಲಿ ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗಲೋ ಮನೆಗೆ ಪಾಯ ತೋಡುವಾಗಲೋ ಗುದ್ದಲಿಗೆ ಕೆತ್ತಿದ ಕಲ್ಲು ತಾಗಿದರೆ, ಅದನ್ನು ಎತ್ತಿ ತೊಳೆಯುವುದಕ್ಕೆ ಮೊದಲು ಹಾಗೆಯೇ ಬಿಟ್ಟು, ಒಂದು ಛಾಯಾಚಿತ್ರ ತೆಗೆದು, ತಹಸೀಲ್ದಾರರಿಗೆ ತಿಳಿಸಬೇಕು. ಛಾಯಾಚಿತ್ರದಲ್ಲಿ ಕಲ್ಲಿನ ಪಕ್ಕ ಒಂದು ಅಡಿಪಟ್ಟಿ ಇರಲಿ. ಎಷ್ಟು ಆಳದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ಸಿಕ್ಕಿತು ಎಂಬ ವಿವರ ಆ ಕಲ್ಲಿನಷ್ಟೇ ಬೆಲೆಯುಳ್ಳದ್ದು.

ಹೊಸ ಶಿಲ್ಪ, ಒಂದು ನೂಲು

ಹಾಗಾದರೆ ಜೈನ ಶಿಲ್ಪವನ್ನು ಮೆಚ್ಚುವ, ಜೈನರಲ್ಲದ ಒಂದು ಮನೆಯವರು ಏನು ಮಾಡಬೇಕು? ಹೊಸದನ್ನು ಕೊಳ್ಳಬೇಕು. ನಮ್ಮ ನಾಡಿನಲ್ಲಿ ಈ ವಿದ್ಯೆ ನಿಂತಿಲ್ಲ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕಡೆದವರು ರೆಂಜಾಳ ಗೋಪಾಲಕೃಷ್ಣ ಶೆಣೈ. ಅದರ ಪ್ರತಿಷ್ಠೆ ನಡೆದದ್ದು 1982ರಲ್ಲಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲಿನ ಕೆಲಸದವರಿದ್ದಾರೆ. ಸಾಗರ, ಸೊರಬದ ಗುಡಿಗಾರರು ಗಂಧದ ಮರದಲ್ಲಿ ಕೆತ್ತುತ್ತಾರೆ. ಪ್ರತಿಷ್ಠೆಯಾದ ಬಿಂಬಕ್ಕೆ ಅಭಿಷೇಕ, ಪೂಜೆಗಳ ನೇಮವಿದೆ. ಊರು ಬಿಟ್ಟು ಹೋಗುವ ಜೈನ ಕುಟುಂಬಗಳು ಮನೆಯ ಬಿಂಬವನ್ನು ಬಸದಿಗೆ ಒಪ್ಪಿಸುವುದು ಆ ನೇಮ ತಪ್ಪಬಾರದೆಂದೇ. ಪ್ರತಿಷ್ಠೆ ಆಗದ ಹೊಸ ಶಿಲ್ಪಕ್ಕೆ ಅಂತಹ ಕಟ್ಟುಪಾಡಿಲ್ಲ. ಹಾಗೆಂದು ಅದನ್ನು ಬಾಗಿಲ ಬಳಿ ಚಪ್ಪಲಿಗಳ ಪಕ್ಕದಲ್ಲಿ ಇಡುವುದು ಸರಿಯಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ದಿಗಂಬರ ರೂಪಕ್ಕೆ ಮುಜುಗರಪಟ್ಟು ಹಾರವನ್ನೋ ಬಟ್ಟೆಯನ್ನೋ ಸುತ್ತಿಡುವವರೂ ಇದ್ದಾರೆ. ಅಷ್ಟು ಮುಜುಗರವಿರುವವರು ಬೇರೆ ಶಿಲ್ಪವನ್ನು ಆರಿಸಿಕೊಳ್ಳುವುದೇ ಒಳ್ಳೆಯದು. ತೊಡಿಸಿದ ಮೇಲೆ ಅದು ದಿಗಂಬರ ಜಿನನ ಬಿಂಬವಾಗಿ ಉಳಿಯುವುದಿಲ್ಲ.

ಕೊಳ್ಳುವಾಗ ಹೊಸ ಶಿಲ್ಪದ ಗುಣವನ್ನು ಪರೀಕ್ಷಿಸುವುದು ಹೇಗೆ? ಇಲ್ಲಿ ನಿಮ್ಮ ನೂಲು ಕೆಲಸಕ್ಕೆ ಬರುತ್ತದೆ. ಕುಳಿತ ಜಿನನ ಅಳತೆಗೆ ಫೇರು ಒಂದು ಸೊಗಸಾದ ಸೂತ್ರ ಕೊಟ್ಟಿದ್ದಾನೆ. ಒಂದು ಮೊಣಕಾಲಿನಿಂದ ಇನ್ನೊಂದು ಮೊಣಕಾಲಿಗೆ ನೂಲು ಹಿಡಿಯಿರಿ. ಅದೇ ನೂಲು ಬಲ ಮೊಣಕಾಲಿನಿಂದ ಎಡ ಹೆಗಲಿಗೆ ಸರಿಹೊಂದಬೇಕು. ಎಡ ಮೊಣಕಾಲಿನಿಂದ ಬಲ ಹೆಗಲಿಗೂ ಹೊಂದಬೇಕು. ಕುಳಿತ ನೆಲೆಯಿಂದ ಹಣೆಯ ಮೇಲೆ ಕೂದಲು ಮೊದಲಾಗುವ ಗೆರೆಯವರೆಗೂ ಹೊಂದಬೇಕು. ನಾಲ್ಕೂ ಅಳತೆ ಒಂದೇ ಆದರೆ ಅದು ಸಮಚತುರಸ್ರ. ಆ ಕುಳಿತ ಭಂಗಿ ನೋಡುವವರಿಗೆ ಅಲುಗದಂತೆ ಕಾಣುವುದರ ಗುಟ್ಟು ಈ ನಾಲ್ಕು ಸಮನಾದ ಗೆರೆಗಳಲ್ಲಿದೆ.

ಎದುರಿನಿಂದ ನೇರವಾಗಿ ತೆಗೆದ ಯಾವುದೇ ಛಾಯಾಚಿತ್ರದ ಮೇಲೆ ಇದನ್ನು ಮಾಡಬಹುದು, ವಿಗ್ರಹವನ್ನು ಮುಟ್ಟಬೇಕಿಲ್ಲ. ಸೂತ್ರ ಉತ್ತರದ್ದು, ನಮ್ಮ ಕಡೆಯ ಅರ್ಧಪರ್ಯಂಕಾಸನದಲ್ಲಿ ಒಂದೆರಡು ಬೆರಳು ಹೆಚ್ಚುಕಡಮೆ ಬರಬಹುದು. ಬಂದರೆ ಎಲ್ಲಿ ಬಂತು, ಹೆಗಲಿನಲ್ಲೋ ಹಣೆಯಲ್ಲೋ, ಬರೆದಿಡಿ. ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೋ ಶ್ರವಣಬೆಳಗೊಳಕ್ಕೋ ಶಾಲೆಯ ಪ್ರವಾಸ ಹೋದಾಗ ಕುಳಿತ ಜಿನರ ನಾಲ್ಕಾರು ಚಿತ್ರಗಳನ್ನು ತಂದು ಹೋಲಿಸಿ ನೋಡಿ. ಹಾಗೆಯೇ ಒಂದು ಹಾಳೆಯ ಮೇಲೆ ನಿಮ್ಮದೇ ಬೆರಳಿನಿಂದ ಹನ್ನೊಂದು ಬೆರಳಗಲ ಎತ್ತರವನ್ನು ಗುರುತಿಸಿ, ಅದರೊಳಗೆ ಕುಳಿತ ಜಿನನನ್ನು ಬರೆಯಲು ಪ್ರಯತ್ನಿಸಿ. ಮೊದಲು ನಾಲ್ಕು ಗೆರೆಗಳನ್ನು ಎಳೆದುಕೊಳ್ಳಿ, ಮುಖ ಕೊನೆಗೆ ಬರಲಿ.